ಮರಗೆಲಸದ ಕೋಣೆಗೆ ಎಂಥ ಗೋಡೆಹೊದಿಕೆ?



ನಮ್ಮ ಕಾಸರಗೋಡಿನ ಹಳ್ಳಿಮನೆಗಳಲ್ಲಿ ದನಗಳ ಸಂಖ್ಯೆ ಕಡಿಮೆಯಾಗುತ್ತ ಬಂದ ಹಾಗೆ ಹಟ್ಟಿಗಳು ಖಾಲಿಯಾಗಿವೆ. ಗ್ಯಾಸ್ ಒಲೆ ಬಂದ ಮೇಲೆ ಸೌದೆ ಕೊಟ್ಟಿಗೆಗೂ ಮೊದಲಿನ ಕೆಲಸವಿಲ್ಲ. ಇಂಥ ಒಂದು ಕೋಣೆಯಲ್ಲಿ ಬಿಡುವಿನ ವೇಳೆಗೆ ಸ್ವಲ್ಪ ಮರಗೆಲಸ ಮಾಡೋಣ, ಒಂದು ಸ್ಟೂಲು, ಒಂದು ಪುಸ್ತಕದ ಕಪಾಟು ನಾವೇ ಮಾಡಿಕೊಳ್ಳೋಣ ಎಂಬ ಆಸೆ ಹಲವರಿಗಿದೆ. ನಿವೃತ್ತಿಯಾದ ಮೇಲೆ ನನಗೂ ಅದೇ ಆಸೆ ಹುಟ್ಟಿತು. ಗರಗಸ, ಕೀಸುಳಿ, ಉಳಿ, ಕೊಡತಿಗಳನ್ನು ಕೊಂಡು ತಂದೆ. ಆಮೇಲೆ ಎದುರಾದ ಪ್ರಶ್ನೆ ಗೋಡೆಯದು. ಒರಟು ಕೆಂಪುಕಲ್ಲಿನ ಗೋಡೆಗೆ ಯಾವ ಹೊದಿಕೆ ಹಾಕಬೇಕು? ಈ ಪ್ರಶ್ನೆಗೆ ನಾನು ಕೊಟ್ಟ ಮೊದಲ ಉತ್ತರ ತಪ್ಪಾಗಿತ್ತು. ನಿಮಗೆ ಆ ನಷ್ಟ ಆಗದಿರಲಿ ಎಂದು ಇವತ್ತು ಆ ಕತೆಯಿಂದಲೇ ಆರಂಭಿಸುತ್ತೇನೆ.

ಪೇಟೆಯಿಂದ ಅಗ್ಗದ ಪ್ಲೈವುಡ್ ತಂದು, ನೆಲದಿಂದ ಮಾಡಿನವರೆಗೆ, ನಾಲ್ಕೂ ಗೋಡೆಗೆ ಒತ್ತಾಗಿ ಮೊಳೆ ಹೊಡೆಸಿದೆ. ಕೋಣೆ ಪೆಟ್ಟಿಗೆಯ ಒಳಮೈಯಂತೆ ಚಂದ ಕಂಡಿತು. ನೋಡಿದವರೆಲ್ಲ ಹೊಗಳಿದರು. ಅಂಗಳದ ಅಂಚಿನಲ್ಲಿ ಬಿದ್ದ ಮಾವಿನ ಮರವನ್ನು ಸೀಳಿಸಿ, ಮಗಳ ಓದುವ ಮೇಜಿಗೆಂದು ಒಂದು ವರ್ಷ ಒಣಗಿಸಿದ ಹಲಗೆಗಳನ್ನು ಅದೇ ಗೋಡೆಗೆ ಒರಗಿಸಿಟ್ಟೆ. ಆ ಮಳೆಗಾಲ ಕಳೆಯಿತು. ನವರಾತ್ರಿಗೆ ಮುಂಚೆ ಹಲಗೆ ಎತ್ತಲು ಹೋದರೆ ಕೈಗೆ ಬಂದದ್ದು ಮಣ್ಣು ತುಂಬಿದ ಸಿಪ್ಪೆ. ಗೆದ್ದಲು, ಅಂದರೆ ನಮ್ಮ ಕಡೆಯ ಒರಲೆ, ನೆಲದಿಂದ ಎದ್ದು ಪ್ಲೈವುಡ್ಡಿನ ಹಿಂದೆ ಯಾರ ಕಣ್ಣಿಗೂ ಬೀಳದೆ ದಾರಿ ಮಾಡಿಕೊಂಡು ಮೇಜನ್ನು ಮಾಡುವ ಮೊದಲೇ ತಿಂದು ಮುಗಿಸಿತ್ತು. ನೋಡಲು ಬಂದ ಹಳೆಯ ಆಚಾರಿಯೊಬ್ಬರು ಹೇಳಿದ್ದು ಇಷ್ಟೇ: "ಮಾಷ್ಟ್ರೇ, ನೀವು ಗೋಡೆಯ ಬಾಯಿ ಮುಚ್ಚಿದಿರಿ."

ಆ ಮಾತಿನ ಅರ್ಥ ತಿಳಿಯಬೇಕಾದರೆ ನಮ್ಮ ಕಲ್ಲಿನ ಗುಣ ತಿಳಿದಿರಬೇಕು. ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದ ಬಳಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎಂದರೆ ಇಟ್ಟಿಗೆ. ಕಡಿಯುವಾಗ ಮೆದು, ಗಾಳಿಗೆ ಬಿಟ್ಟಂತೆ ಗಟ್ಟಿ. ಆದರೆ ಇದರ ಮೈತುಂಬ ರಂಧ್ರಗಳು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ನಮ್ಮ ಊರಲ್ಲಿ ಈ ಕಲ್ಲು ಮಳೆಗಾಲದಲ್ಲಿ ನೀರು ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಆ ನೀರು ಹೊರಹೋಗಲು ದಾರಿ ಇಲ್ಲದಂತೆ ಮುಚ್ಚಿದರೆ ಹೊದಿಕೆಯ ಹಿಂದೆ ಕತ್ತಲೆ, ತೇವ, ಮರ ಮೂರೂ ಒಟ್ಟಾಗುತ್ತವೆ. ಒರಲೆಗೆ ಬೇಕಾದದ್ದೂ ಅವೇ.

ಆದ್ದರಿಂದ ಹೊದಿಕೆ ಆರಿಸುವ ಮೊದಲು ಗೋಡೆಯನ್ನು ಪರೀಕ್ಷಿಸಿ. ಮಳೆಗಾಲದಲ್ಲಿ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ತೇವ ಗೋಡೆಯಿಂದಲೇ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಕಂಡರೆ ಅದು ಕೋಣೆಯ ಗಾಳಿಯ ತೇವ. ಗೋಡೆಯಿಂದ ಬರುವುದಾದರೆ ಔಷಧ ಒಳಗಿಲ್ಲ, ಹೊರಗಿದೆ. ಮಾಡಿನ ಅಂಚನ್ನು ಮುಂದಕ್ಕೆ ಚಾಚಿ. ಗೋಡೆಯ ಬುಡಕ್ಕೆ ಒತ್ತಿದ ಮಣ್ಣನ್ನು ತೆಗೆದು ನೀರು ಹರಿದುಹೋಗಲು ಕಣಿ ಮಾಡಿ. ಗಾಳಿಮಳೆ ಬಡಿಯುವ ಪಡುವಣ ಗೋಡೆಗೆ ಹಿರಿಯರು ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನು ಹೊದಿಕೆಗಳ ವಿಚಾರ. ಎಲ್ಲಕ್ಕಿಂತ ಹಳೆಯದು, ಅಗ್ಗವಾದದ್ದು ಸುಣ್ಣ. ಒರಟು ಕಲ್ಲಿನ ಮೇಲೆ ಸುಣ್ಣದ ಗಾರೆಯ ತೆಳು ಸಾರಣೆ ಮಾಡಿಸಿ, ಅದರ ಮೇಲೆ ಸುಣ್ಣ ಬಳಿದರೆ ಗೋಡೆಯ ತೇವಕ್ಕೆ ಹೊರಹೋಗಲು ದಾರಿ ಉಳಿಯುತ್ತದೆ. ಸುಣ್ಣದ ಕ್ಷಾರಗುಣಕ್ಕೆ ಬೂಷ್ಟು ಬೇಗ ಹಿಡಿಯುವುದಿಲ್ಲ. ಬಿಳಿ ಗೋಡೆ ಬೆಳಕನ್ನು ಹಿಂದಕ್ಕೆ ಚೆಲ್ಲುವುದರಿಂದ ಪೆನ್ಸಿಲಿನ ಗೆರೆ ನಮ್ಮ ವಯಸ್ಸಿನವರ ಕಣ್ಣಿಗೂ ಕಾಣುತ್ತದೆ. ಸಾರಣೆ ಮಾಡಿದ ಗೋಡೆಯಲ್ಲಿ ಹುಡಿ ನಿಲ್ಲುವ ಸಂದುಗಳೂ ಕಡಿಮೆ. ಇದು ಸಣ್ಣ ಮಾತಲ್ಲ. ಮರದ ಹುಡಿ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಹೇಳಿದೆ. ತೇವ ಇರುವ ಗೋಡೆಗೆ ಎನಾಮಲ್ ಬಣ್ಣ ಮಾತ್ರ ಬೇಡ. ಅದು ಒಂದೆರಡು ಮಳೆಗಾಲದಲ್ಲಿ ಗುಳ್ಳೆ ಎದ್ದು ಉದುರುತ್ತದೆ. ಸುಣ್ಣದ ಒಂದೇ ಕೊರತೆಯೆಂದರೆ ಅದರ ಮೇಲೆ ಉಪಕರಣ ತೂಗಿಸಲಾಗದು. ಕೆಂಪುಕಲ್ಲಿಗೆ ಬರಿಯ ಮೊಳೆ ಹೊಡೆದರೆ ಕಲ್ಲು ಪುಡಿಯಾಗಿ ಮೊಳೆ ಸಡಿಲವಾಗುತ್ತದೆ.

ತೂಗಿಸಲು ಪ್ಲೈವುಡ್ಡೇ ಉತ್ತಮ. ಕೊಳ್ಳುವಾಗ ಮುದ್ರೆ ನೋಡಿ. ಐ.ಎಸ್. 303 ಎಂಬ ಮುದ್ರೆಯಲ್ಲಿಯೇ ಎರಡು ಬಗೆ. ಎಂ.ಆರ್. ಎಂಬುದು ಗಾಳಿಯ ತೇವವನ್ನು ಸ್ವಲ್ಪ ತಡೆಯುತ್ತದೆ ಅಷ್ಟೆ. ಬಿ.ಡಬ್ಲ್ಯು.ಆರ್. ಎಂಬುದರ ಅಂಟು ನೀರಿಗೆ ಹೆಚ್ಚು ಬಾಳುತ್ತದೆ. ನಮ್ಮ ಕಡೆಗೆ ಎರಡನೆಯದೇ ಬೇಕು. ಐ.ಎಸ್. 710 ಮುದ್ರೆಯ ಮೆರೈನ್ ಪ್ಲೈವುಡ್ ಇನ್ನೂ ಗಟ್ಟಿ, ಬೆಲೆಯೂ ಹೆಚ್ಚು. ಗೋಡೆಗೆ ಅಷ್ಟು ಖರ್ಚು ಬೇಕಾಗಿಲ್ಲ.

ಜಿಪ್ಸಂ ಹಲಗೆಯ ಗುಣವೊಂದಿದೆ. ಅದರ ಖನಿಜದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ನೀರೇ ಇರುವುದರಿಂದ ಬೆಂಕಿಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಮಳೆಯ ತೇವಕ್ಕೆ ಮೆದುವಾಗುತ್ತದೆ, ಹಲಗೆಯ ತುದಿ ತಾಗಿದರೆ ತೂತಾಗುತ್ತದೆ. ಕೆಲಸದ ಕೋಣೆಗೆ ಅದು ಹೇಳಿದ್ದಲ್ಲ. ಸಿಮೆಂಟ್ ಹಲಗೆಯನ್ನು ಒರಲೆ ತಿನ್ನದು, ಬೆಂಕಿ ಸುಡದು. ಸಾಣೆಯಂತ್ರದ ಕಿಡಿ ಹಾರುವ ಮೂಲೆಗೆ ಅದು ಒಳ್ಳೆಯದು. ಕೊಯ್ಯುವುದಾದರೆ ಅಂಗಳದಲ್ಲಿ, ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಂಡು ಕೊಯ್ಯಿರಿ. ಕೊಳ್ಳುವಾಗ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇಲ್ಲದ ಹಲಗೆಯೇ ಎಂದು ಕೇಳಿ ತಿಳಿಯಿರಿ. ಹಟ್ಟಿಯ ಮೇಲೆ ಹಳೆಯ ಆಸ್ಬೆಸ್ಟಾಸ್ ಶೀಟು ಇದ್ದರೆ ಅದನ್ನು ಕೊಯ್ದು ಗೋಡೆಗೆ ಹಾಕುವ ಜಾಣತನ ಖಂಡಿತ ಬೇಡ. ಅದರ ನವಿರಾದ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ.

ಎರಡನೆಯ ಸಲ ನಾನು ಏನು ಮಾಡಿದೆನೆಂದು ಹೇಳುತ್ತೇನೆ. ನನ್ನ ಕೋಣೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಎತ್ತರ. ಎಂಟಡಿ ನಾಲ್ಕಡಿಯ ಹಲಗೆಯಿಂದ ನಾಲ್ಕೂ ಗೋಡೆ ಮುಚ್ಚಲು ಹನ್ನೊಂದು ಹಲಗೆ ಬೇಕಾಗಿದ್ದವು. ಈ ಸಲ ಮೂರೇ ಸಾಕಾದವು. ಸಾಮಾನು ತೂಗಿಸುವುದು ಕೈಗೆಟಕುವ ಎತ್ತರದಲ್ಲಿ ತಾನೇ? ಉದ್ದದ ಎರಡು ಗೋಡೆಗಳಿಗೆ, ನೆಲದಿಂದ ಮೂರು ಅಡಿಗೆ ಆರಂಭಿಸಿ ಏಳು ಅಡಿಯವರೆಗೆ ಒಂದೊಂದು ಪಟ್ಟಿ ಹಾಕಿದೆ. ಉಳಿದ ಗೋಡೆಗೆಲ್ಲ ಸುಣ್ಣ. ಗೋಡೆಗೂ ಪ್ಲೈವುಡ್ಡಿಗೂ ನಡುವೆ ಒಂದು ಇಂಚು ದಪ್ಪದ, ಒರಲೆಗೆ ಔಷಧ ಬಳಿದ ರೀಪುಗಳನ್ನು ನೆಟ್ಟಗೆ ನಿಲ್ಲಿಸಿದೆ. ಅಡ್ಡ ಹಾಕಿದರೆ ಗಾಳಿ ಮೇಲೆ ಕೆಳಗೆ ಆಡುವುದಿಲ್ಲ. ಮೊಳೆಯ ಬದಲು ಸ್ಕ್ರೂ ಹಾಕಿದೆ, ಬೇಕಾದಾಗ ಬಿಚ್ಚಿ ಹಿಂದೆ ಇಣುಕಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಕೆಳಗೆ ಬರಿದಾಗಿ ಬಿಟ್ಟ ಮೂರಡಿ. ಒರಲೆ ಮೇಲೇರಬೇಕಾದರೆ ಆ ಬಿಳಿ ಸುಣ್ಣದ ಮೇಲೆ ಕೆಂಪು ಮಣ್ಣಿನ ಗೆರೆ ಎಳೆಯಲೇಬೇಕು. ವಾರಕ್ಕೊಮ್ಮೆ ಕಣ್ಣು ಹಾಯಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಹಲಗೆಗಳನ್ನು ಗೋಡೆಗೆ ಒರಗಿಸುವುದನ್ನು ಬಿಟ್ಟು, ನೆಲದಿಂದ ಎತ್ತರಿಸಿದ ಅಟ್ಟಣಿಗೆಯಲ್ಲಿ ಮಲಗಿಸುತ್ತೇನೆ.

ತೂಗಿಸುವುದಕ್ಕೂ ಒಂದು ಸುಲಭ ಉಪಾಯವಿದೆ. ಉದ್ದದ ಪಟ್ಟಿಯೊಂದನ್ನು ನಲವತ್ತೈದು ಡಿಗ್ರಿ ಓರೆಯಾಗಿ ಸೀಳಿ. ಒಂದು ಸೀಳನ್ನು ಓರೆ ಅಂಚು ಮೇಲಾಗಿ, ಗೋಡೆಯ ಕಡೆಗೆ ಇಳಿಯುವಂತೆ ಪ್ಲೈವುಡ್ಡಿಗೆ ಬಿಗಿಯಿರಿ. ಇನ್ನೊಂದನ್ನು ಉಪಕರಣದ ಪೆಟ್ಟಿಗೆಯ ಬೆನ್ನಿಗೆ ತಲೆಕೆಳಗಾಗಿ ಬಿಗಿದರೆ ಅದು ಇದರ ಮೇಲೆ ಕೂತು ತನ್ನ ಭಾರದಿಂದಲೇ ಬಿಗಿಯಾಗುತ್ತದೆ. ಸ್ಥಳ ಬದಲಿಸಬೇಕಾದರೆ ಎತ್ತಿ ಪಕ್ಕಕ್ಕಿಟ್ಟರಾಯಿತು.

ಕೊನೆಗೆ ಬೆಂಕಿಯ ಮಾತು. ಮರದ ಹೊದಿಕೆಯ ಹಿಂದೆ ವಿದ್ಯುತ್ ತಂತಿಯನ್ನು ಹುದುಗಿಸಬೇಡಿ. ಕಣ್ಣಿಗೆ ಕಾಣುವಂತೆ ಪೈಪಿನೊಳಗೆ ತನ್ನಿ, ಹುಡಿ ಹೊಕ್ಕದಂತೆ ಪ್ಲಗ್ಗಿಗೆ ಮುಚ್ಚಳವಿರಲಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ಹರಡಿ ಒಣಗಿಸಿ.

ಮಗಳ ಮೇಜು ಆಮೇಲೆ ಹಲಸಿನ ಮರದಲ್ಲಿ ಆಯಿತು. ಮಾವಿನ ಹಲಗೆಯ ತಿಂದುಳಿದ ಒಂದು ತುಂಡನ್ನು ಇವತ್ತಿಗೂ ಆ ಬಿಳಿ ಗೋಡೆಯಲ್ಲಿ ತೂಗುಹಾಕಿದ್ದೇನೆ. ಕೋಣೆ ನೋಡಲು ಬಂದವರು ಅದೇನೆಂದು ಕೇಳುತ್ತಾರೆ. ಕೇಳಿದವರಿಗೆಲ್ಲ ಹೇಳುವುದನ್ನೇ ನಿಮಗೂ ಹೇಳಿದ್ದೇನೆ: ಬೇಕಾದಷ್ಟನ್ನು ಮಾತ್ರ ಮುಚ್ಚಿ, ಮುಚ್ಚಿದ್ದರ ಹಿಂದೆ ಗಾಳಿ ಆಡಲಿ, ಗೋಡೆಯ ಬುಡ ಕಣ್ಣಿಗೆ ಕಾಣಲಿ.