ಬಿಸಿಲೆಂಬ ಮಿತ್ರ

ಅಮರಕೋಶವು ಸೂರ್ಯನಿಗೆ ಹೇಳುವ ಹೆಸರುಗಳಲ್ಲಿ ‘ಮಿತ್ರ’ ಎಂಬುದೂ ಒಂದು. ಇದನ್ನು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಆ ಮಿತ್ರನು ಮಕ್ಕಳ ಬಳಿಗೆ ಬಾರದಂತೆ ಬಾಗಿಲು ಹಾಕಿದವನೂ ನಾನೇ. ಪಾಠ ಮುಗಿದಿಲ್ಲವೆಂದು ಆಟದ ಅವಧಿಯನ್ನು ಕೇಳಿ ಪಡೆದು ಸಂಧಿ ಸಮಾಸಗಳನ್ನು ಹೇಳಿಕೊಡುತ್ತಿದ್ದೆನು.

ಒಂದು ವರ್ಷ ನನ್ನ ತರಗತಿಯ ಹುಡುಗನೊಬ್ಬನು ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದನು. ಸೋಮಾರಿಯೆಂದು ಗದರಿಸಿದೆನು. ಬಳಿಕ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ‘ಡಿ’ ಜೀವಸತ್ತ್ವ, ಎಂದರೆ ವಿಟಮಿನ್ ‘ಡಿ’, ತೀರ ಕಡಮೆಯಾಗಿದೆಯೆಂದು ತಿಳಿಸಿದರು. ಅವನ ಮನೆಯಲ್ಲಿ ಮುದ್ದೆಗೆ ಬರವಿರಲಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಆದರೆ ಕರುಳು ಅದನ್ನು ಚೆನ್ನಾಗಿ ಹೀರಿಕೊಂಡು ಮೂಳೆಗೆ ಒದಗಿಸಬೇಕಾದರೆ ಈ ಜೀವಸತ್ತ್ವ ಬೇಕೇ ಬೇಕು.

ಎಳೆಯರ ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸ್ ರೋಗಕ್ಕೂ ಮುಖ್ಯ ಕಾರಣ ಇದರ ಕೊರತೆಯೇ. 1919ರಲ್ಲಿ ಬರ್ಲಿನ್ನಿನ ವೈದ್ಯ ಹುಲ್ಡ್‌ಷಿನ್‌ಸ್ಕಿಯವರು ಅಂಥ ಮಕ್ಕಳನ್ನು ನೇರಳಾತೀತ ಕಿರಣದ ದೀಪದಿಂದ ಗುಣಪಡಿಸಿ ತೋರಿಸಿದರು. ಆ ಕಿರಣವನ್ನೇ ಸೂರ್ಯನು ನಮಗೆ ಧರ್ಮಕ್ಕೆ ಕೊಡುತ್ತಿದ್ದಾನೆ. ಅದು ತಾಗಿದ ಚರ್ಮವು ಈ ಜೀವಸತ್ತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಬೆಳಗಿನ ಎಳೆಬಿಸಿಲು ಸಾಲದೆ? ಎಂದು ತಾಯಂದಿರು ಕೇಳಬಹುದು. ಸಾಲದು. ಓರೆಯಾಗಿ ಬರುವ ಬಿಸಿಲಿನಲ್ಲಿ ಆ ಕಿರಣ ಬಹಳ ಕಡಮೆ. ಕಿಟಕಿಯ ಗಾಜೂ ಅದನ್ನು ತಡೆಯುತ್ತದೆ. ನಮ್ಮಂಥ ಕಪ್ಪು ಮೈಬಣ್ಣದವರಿಗೆ ಬಿಸಿಲು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಮಗುವಿನ ನೆರಳು ಮಗುವಿಗಿಂತ ಗಿಡ್ಡವಾಗಿರುವ ಹೊತ್ತೇ ತಕ್ಕ ಹೊತ್ತು. ಆಗ ಕೈಕಾಲಿಗೆ ಬಿಸಿಲು ತಾಗುವಂತೆ ಕೊಂಚ ಹೊತ್ತು ಆಡಲಿ. ಚರ್ಮ ಸುಡುವ ತನಕ ಬೇಡ.

ಹಸುಗೂಸಿನ ಮಾತು ಬೇರೆ. ಅದಕ್ಕೆ ಕಡುಬಿಸಿಲು ಸಲ್ಲದು. ಎದೆಹಾಲಿನಲ್ಲಿಯೂ ಈ ಸತ್ತ್ವ ಅತ್ಯಲ್ಪ. ಆದಕಾರಣ ಮೊದಲ ವರ್ಷ ದಿನಕ್ಕೆ 400 ಅಂತಾರಾಷ್ಟ್ರೀಯ ಮಾನದಷ್ಟು ಹನಿಯೌಷಧವನ್ನು ಮಕ್ಕಳ ವೈದ್ಯರು ಹೇಳುತ್ತಾರೆ. ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಬೇಕಾದುದು 600. ಮಿತಿಮೀರಿ ಕೊಟ್ಟರೆ ರಕ್ತದಲ್ಲಿ ಸುಣ್ಣವೇರಿ ಮೂತ್ರಪಿಂಡಕ್ಕೆ ಕೇಡು. ವೈದ್ಯರನ್ನು ಕೇಳದೆ ಕೊಡಕೂಡದು.

ಆ ಹುಡುಗನು ಔಷಧದಿಂದ ಚೇತರಿಸಿಕೊಂಡನು. ಗದರಿಸಿದ್ದಕ್ಕಾಗಿ ಅವನ ಕ್ಷಮೆ ಕೇಳಿದೆನು. ಈಗ ನಾನು ಆಟದ ಅವಧಿಯನ್ನು ಮುಟ್ಟುವುದಿಲ್ಲ. ಅದನ್ನು ಮಧ್ಯಾಹ್ನದ ಊಟಕ್ಕೆ ಮೊದಲು ಇಡಿಸಿಕೊಂಡಿದ್ದೇನೆ. ಉಪಾಧ್ಯಾಯ ಮಿತ್ರರಲ್ಲಿಯೂ ನನ್ನ ಬಿನ್ನಹ ಇಷ್ಟೇ: ಸಮಾಸವನ್ನು ನಾಳೆ ಕಲಿಸಬಹುದು, ಮೂಳೆ ಬಲಿಯುವ ವಯಸ್ಸು ಮರಳಿ ಬಾರದು.