ನೂರ ತೊಂಬತ್ತೊಂಬತ್ತನೆಯ ಹೆಸರು

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹೆಚ್ಚು ಅಂಕ ಗಳಿಸಿದ ಮಕ್ಕಳ ಸನ್ಮಾನ ಈಗಷ್ಟೇ ಮುಗಿಯಿತು. ಅವರಿಗೂ ಅವರನ್ನು ಓದಿಸಿದ ತಂದೆ ತಾಯಿಯರಿಗೂ ನನ್ನ ಅಭಿನಂದನೆಗಳು. ಇಂಥ ಸಭೆಯಲ್ಲಿ ಶಿಕ್ಷಣದ ಮಹತ್ವದ ಕುರಿತು ಮಾತನಾಡುವುದು ವಾಡಿಕೆ. ಆ ಮಾತನ್ನು ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿಯೇ ಹೇಳಿದ್ದಾರೆ. ಹಾಗಾಗಿ ನಮ್ಮ ಊರಿಗಾಗಲಿ ನಮ್ಮ ಆಟಗಳಿಗಾಗಲಿ ಸಂಬಂಧವಿಲ್ಲದ ಒಂದು ವಿಷಯವನ್ನು ನಾನು ಆರಿಸಿಕೊಂಡಿದ್ದೇನೆ. ಅಮೆರಿಕದ ಒಬ್ಬ ಆಟಗಾರನ ಬಗ್ಗೆ 2000ನೇ ಇಸವಿಯಲ್ಲಿ ಅಲ್ಲಿನ ಪರಿಣತರು ಭವಿಷ್ಯ ನುಡಿದಿದ್ದರು. ಆಟಗಾರನ ಹೆಸರು ಟಾಮ್ ಬ್ರೇಡಿ. ಆ ಭವಿಷ್ಯವನ್ನು ಇಂದು ತಿರುಗಿ ಓದಿದರೆ ನಮಗೆ ಏನು ಕಾಣುತ್ತದೆ ಎಂಬುದೇ ನನ್ನ ವಿಷಯ.

ಮೊದಲು ಆಟದ ಬಗ್ಗೆ ಎರಡು ಮಾತು. ನಾವು ಫುಟ್‌ಬಾಲ್ ಎನ್ನುವುದನ್ನು ಅಮೆರಿಕದವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲ್ ಬೇರೆಯೇ. ಎರಡೂ ತುದಿ ಚೂಪಾಗಿರುವ ಚೆಂಡನ್ನು ಹೆಚ್ಚಾಗಿ ಕೈಯಿಂದಲೇ ಆಡುತ್ತಾರೆ. ಹನ್ನೊಂದು ಜನರ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬುವನೇ ಮುಖ್ಯ. ಪ್ರತಿ ಸಲ ಚೆಂಡು ಮೊದಲು ಬರುವುದು ಅವನ ಕೈಗೆ. ಎದುರಾಳಿಗಳು ಮೈಮೇಲೆ ಬೀಳಲು ಓಡಿ ಬರುತ್ತಿರುವಾಗ ಎರಡು ಮೂರು ಸೆಕೆಂಡುಗಳೊಳಗೆ ಚೆಂಡನ್ನು ಯಾರ ಕಡೆಗೆ ಎಸೆಯಬೇಕೆಂದು ಅವನು ತೀರ್ಮಾನಿಸಬೇಕು.

ಕಾಲೇಜಿನಲ್ಲಿ ಆಡಿದವರನ್ನು ವೃತ್ತಿಪರ ತಂಡಗಳು ಆರಿಸಿಕೊಳ್ಳುವ ವ್ಯವಸ್ಥೆಗೆ ಡ್ರಾಫ್ಟ್ ಎಂದು ಹೆಸರು. ನಮ್ಮ ಐಪಿಎಲ್‌ನಂತೆ ಅಲ್ಲಿ ಹರಾಜು ಇಲ್ಲ. ಸರದಿಯ ಪ್ರಕಾರ ಒಂದೊಂದು ತಂಡ ಒಂದೊಂದು ಹೆಸರು ಕೂಗುತ್ತದೆ. ಹಿಂದಿನ ವರ್ಷ ಕೊನೆಯ ಸ್ಥಾನ ಪಡೆದ ತಂಡಕ್ಕೆ ಮೊದಲ ಅವಕಾಶ, ಗೆದ್ದ ತಂಡಕ್ಕೆ ಕೊನೆಯದು. ದುರ್ಬಲರಿಗೆ ಮೊದಲು ಬಡಿಸುವ ಈ ಪದ್ಧತಿ ನನಗೆ ಬಹಳ ಇಷ್ಟವಾಯಿತು. ಇರಲಿ. ಹೀಗೆ ಏಳು ಸುತ್ತು ನಡೆಯುತ್ತದೆ. 2000ನೇ ಇಸವಿಯ ಏಪ್ರಿಲ್ 15 ಮತ್ತು 16ರಂದು ನ್ಯೂಯಾರ್ಕಿನಲ್ಲಿ ಒಟ್ಟು 254 ಹೆಸರುಗಳನ್ನು ಕೂಗಲಾಯಿತು.

ಅದಕ್ಕೆ ಮೊದಲು ಪರೀಕ್ಷೆಗಳಿರುತ್ತವೆ. ಇಂಡಿಯಾನಾಪೊಲಿಸ್ ನಗರದಲ್ಲಿ ಹುಡುಗರನ್ನು ಸೇರಿಸಿ ಎತ್ತರ, ತೂಕ, ಅಂಗೈಯ ಅಗಲವನ್ನೂ ಬಿಡದೆ ಅಳೆಯುತ್ತಾರೆ. ನಲವತ್ತು ಗಜ ಓಡಿಸುತ್ತಾರೆ, ಜಿಗಿಸುತ್ತಾರೆ. ಹನ್ನೆರಡು ನಿಮಿಷಗಳಲ್ಲಿ ಐವತ್ತು ಪ್ರಶ್ನೆಗಳ ಒಂದು ಬುದ್ಧಿ ಪರೀಕ್ಷೆಯೂ ಆಗ ಇತ್ತು. 2022ರಲ್ಲಿ ಅದನ್ನು ಕೈಬಿಟ್ಟರು. ಪತ್ರಿಕೆಗಳವರೂ ಟಿವಿಯವರೂ ತಿಂಗಳುಗಟ್ಟಲೆ ಮೊದಲೇ ಯಾರು ಯಾವ ಸ್ಥಾನಕ್ಕೆ ಹೋಗುತ್ತಾರೆ ಎಂದು ಪಟ್ಟಿ ಮಾಡುತ್ತಾರೆ. ಚುನಾವಣೆಯ ಮುನ್ನಾ ದಿನಗಳ ನಮ್ಮ ಲೆಕ್ಕಾಚಾರಗಳಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಬ್ರೇಡಿ ಮಿಷಿಗನ್ ವಿಶ್ವವಿದ್ಯಾಲಯದ ಹುಡುಗ. ಮೊದಲ ವರ್ಷಗಳನ್ನು ಮೈದಾನದ ಅಂಚಿನಲ್ಲಿ ಕುಳಿತೇ ಕಳೆದ. ಕೊನೆಯ ವರ್ಷದಲ್ಲೂ ತನಗಿಂತ ಕಿರಿಯನಾದ, ಹೆಚ್ಚು ಹೆಸರಾಗಿದ್ದ ಇನ್ನೊಬ್ಬ ಹುಡುಗನೊಡನೆ ಸ್ಥಾನ ಹಂಚಿಕೊಳ್ಳಬೇಕಾಯಿತು. ಇಂಡಿಯಾನಾಪೊಲಿಸ್‌ನಲ್ಲಿ ನಲವತ್ತು ಗಜ ಓಡಲು ಆತ ತೆಗೆದುಕೊಂಡದ್ದು 5.28 ಸೆಕೆಂಡು, ಈ ಮಟ್ಟದಲ್ಲಿ ಅದು ನಿಧಾನವೇ. ಮೈಕಟ್ಟು ಸಾಲದು, ತೆಳ್ಳಗಿದ್ದಾನೆ, ಚುರುಕಾಗಿ ಓಡಾಡಲಾರ, ತೋಳಿನಲ್ಲಿ ದೊಡ್ಡ ಬಲವಿಲ್ಲ, ತಳ್ಳಿದರೆ ಬೀಳುತ್ತಾನೆ ಎಂಬ ಅರ್ಥದ ವರದಿ ಬರೆಯಲ್ಪಟ್ಟಿತು.

ಡ್ರಾಫ್ಟಿನಲ್ಲಿ ಬ್ರೇಡಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಬಂತು. ಚಾಡ್ ಪೆನಿಂಗ್ಟನ್ 18ನೆಯವನು, ಜಿಯೊವಾನಿ ಕಾರ್ಮಾಜಿ 65, ಕ್ರಿಸ್ ರೆಡ್‌ಮನ್ 75, ಟೀ ಮಾರ್ಟಿನ್ 163, ಮಾರ್ಕ್ ಬಲ್ಜರ್ 168, ಸ್ಪರ್ಗನ್ ವಿನ್ 183. ಬ್ರೇಡಿ ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಸ್ಯಾನ್ ಮಟಿಯೊದಲ್ಲಿ, ಬಾಲ್ಯದಿಂದ ಮೆಚ್ಚಿದ್ದು ಆ ನಗರದ ತಂಡವನ್ನೇ. ಆ ತಂಡವೇ ಕಾರ್ಮಾಜಿಯನ್ನು ಆರಿಸಿತು. ಆರನೆಯ ಸುತ್ತಿನಲ್ಲಿ, 199ನೆಯ ಹೆಸರಾಗಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಬ್ರೇಡಿಯನ್ನು ತೆಗೆದುಕೊಂಡಿತು.

ಮುಂದಿನದು ಲೋಕಪ್ರಸಿದ್ಧ. ಇಪ್ಪತ್ತಮೂರು ವರ್ಷ ಆಡಿ, ಏಳು ಬಾರಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ಗೆದ್ದು, ಕೊನೆಯದನ್ನು 43ನೆಯ ವಯಸ್ಸಿನಲ್ಲಿ ಗೆದ್ದು, 2023ರ ಫೆಬ್ರವರಿಯಲ್ಲಿ ನಿವೃತ್ತನಾದ. ಆತನ ಎಸೆತಗಳಿಂದ ಬಂದ 89,214 ಗಜಗಳಷ್ಟು ದೂರವನ್ನು ಅದುವರೆಗೆ ಯಾರೂ ಮುಟ್ಟಿರಲಿಲ್ಲ. ಆತನ ಮೇಲೆ ಆಕ್ಷೇಪಗಳೇ ಇರಲಿಲ್ಲವೆಂದಲ್ಲ. ಚೆಂಡಿನ ಗಾಳಿ ಕಡಿಮೆ ಮಾಡಿದ ಪ್ರಕರಣದಲ್ಲಿ 2016ರಲ್ಲಿ ನಾಲ್ಕು ಪಂದ್ಯಗಳ ನಿಷೇಧವನ್ನೂ ಅನುಭವಿಸಿದ.

ಹಾಗಾದರೆ ಆ ವರದಿ ಸುಳ್ಳೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಸಾಮಾನ್ಯವಾಗಿ ಈ ಕಥೆ ಹೇಳುವವರು ಪರಿಣತರನ್ನು ಗೇಲಿ ಮಾಡಿ ಮುಂದೆ ಹೋಗುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಓಟದ ಬಗ್ಗೆ ಬರೆದದ್ದು ನಿಜವೇ ಆಗಿತ್ತು. ಬ್ರೇಡಿ ಕೊನೆಯವರೆಗೂ ವೇಗದ ಓಟಗಾರ ಆಗಲಿಲ್ಲ. ಮೈಕಟ್ಟಿನ ಬಗ್ಗೆ ಬರೆದದ್ದೂ ಆ ದಿನದ ಮಟ್ಟಿಗೆ ನಿಜ. ತಪ್ಪಿದ್ದು ಅಳತೆಯಲ್ಲಿ ಅಲ್ಲ, ಅಳತೆಯಿಂದ ತೀರ್ಪಿಗೆ ಹಾರಿದ ಜಾಗದಲ್ಲಿ. ಟೇಪಿಗೂ ಗಡಿಯಾರಕ್ಕೂ ಸಿಗುವುದನ್ನು ಬರೆದುಕೊಂಡರು. ಎರಡು ಸೆಕೆಂಡಿನಲ್ಲಿ ಸರಿಯಾದ ಮನುಷ್ಯನನ್ನು ಕಾಣುವ ಕಣ್ಣು, ಹಿಂದೆ ಬಿದ್ದಾಗ ಗಾಬರಿಗೊಳ್ಳದ ಸ್ವಭಾವ, ಇವು ಟೇಪಿಗೆ ಸಿಗುವುದಿಲ್ಲ. ಸಾಕ್ಷಿ ಇರಲಿಲ್ಲವೇ? ಇತ್ತು. 2000ನೇ ಇಸವಿಯ ಜನವರಿ 1ರಂದು ಅಲಬಾಮಾ ವಿರುದ್ಧದ ಆರೆಂಜ್ ಬೌಲ್ ಪಂದ್ಯದಲ್ಲಿ ಮಿಷಿಗನ್ ಎರಡು ಸಲ 14 ಅಂಕ ಹಿಂದೆ ಬಿದ್ದಿತ್ತು. ಬ್ರೇಡಿ ತಂಡವನ್ನು ಎರಡೂ ಸಲ ಮೇಲೆತ್ತಿ 35-34ರಿಂದ ಗೆಲ್ಲಿಸಿದ. ಡ್ರಾಫ್ಟಿಗೆ ಆಗ ಇನ್ನೂ ಮೂರೂವರೆ ತಿಂಗಳಿತ್ತು. ಎಲ್ಲರೂ ನೋಡಿದ ಆ ಪಂದ್ಯಕ್ಕಿಂತ 5.28 ಎಂಬ ಅಂಕಿಯೇ ಭಾರವಾಯಿತು.

ಇನ್ನೊಂದು ಜೋಡಿಯನ್ನು ನೋಡಿ. 1998ರಲ್ಲಿ ಪೇಟನ್ ಮ್ಯಾನಿಂಗ್ ಮತ್ತು ರಯಾನ್ ಲೀಫ್ ಎಂಬ ಇಬ್ಬರಲ್ಲಿ ಯಾರು ಮೊದಲು ಎಂಬ ಬಗ್ಗೆ ದೊಡ್ಡ ಚರ್ಚೆ ನಡೆದಿತ್ತು. ಇಬ್ಬರೂ ಸರಿಸಮಾನರೆಂದು ಅನೇಕರ ಅಭಿಪ್ರಾಯವಾಗಿತ್ತು. ಮ್ಯಾನಿಂಗ್ ಒಂದನೆಯವನಾದ, ಲೀಫ್ ಎರಡನೆಯವನಾದ. ಲೀಫ್ ಒಟ್ಟು ಆಡಿದ್ದು 25 ಪಂದ್ಯ. ಆತನ ನಂತರದ ಬದುಕಿನ ಕಷ್ಟಗಳನ್ನು ಈ ವೇದಿಕೆಗೆ ಎಳೆದು ತರುವುದು ಬೇಡ. ಮ್ಯಾನಿಂಗ್ ಐದು ಸಲ ವರ್ಷದ ಶ್ರೇಷ್ಠ ಆಟಗಾರನೆನಿಸಿದ. ಆದರೆ ಆತನ ಮೊದಲ ವರ್ಷ ಹೇಗಿತ್ತು ಗೊತ್ತೇ? ಹದಿನಾರು ಪಂದ್ಯಗಳಲ್ಲಿ ಹದಿಮೂರು ಸೋಲು. ಇಪ್ಪತ್ತೆಂಟು ಎಸೆತಗಳು ಎದುರಾಳಿಗಳ ಕೈಸೇರಿದವು. ಒಂದನೆಯ ಸ್ಥಾನದವನಾಗಿದ್ದರಿಂದ ಎಲ್ಲರೂ ತಾಳ್ಮೆ ತೋರಿದರು. ಇದೇ ಆಟವನ್ನು 199ನೆಯವನು ಆಡಿದ್ದರೆ ಎರಡನೆಯ ವರ್ಷ ಅವನು ಮೈದಾನದಲ್ಲಿ ಇರುತ್ತಿದ್ದನೇ? ಖಂಡಿತ ಸಂದೇಹ.

ನನಗೆ ಮುಖ್ಯವೆನಿಸಿದ್ದು ಇದೇ. ಭವಿಷ್ಯ ನುಡಿಯುವುದು ಬರೀ ಮಾತಲ್ಲ. ಮೇಲೆ ಬರೆಯಲ್ಪಟ್ಟವನಿಗೆ ಹಣ, ಸಮಯ, ಎರಡನೆಯ ಅವಕಾಶ ತಾನಾಗಿ ಬರುತ್ತದೆ. ಕೆಳಗೆ ಬರೆಯಲ್ಪಟ್ಟವನು ಮೊದಲ ತಪ್ಪಿಗೇ ಮನೆಗೆ. ಆಮೇಲೆ ನಾವು ಪಟ್ಟಿಯನ್ನು ಫಲಿತಾಂಶದೊಡನೆ ಹೋಲಿಸಿ ಪಟ್ಟಿ ಸರಿಯಾಗಿತ್ತು ಎನ್ನುತ್ತೇವೆ. ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಈ ಡ್ರಾಫ್ಟನ್ನೇ ಕೂಲಂಕಷವಾಗಿ ಪರಿಶೀಲಿಸಿದ್ದಾರೆ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಬೆನ್ನಿಗೆ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಂಭವ, ನಾಣ್ಯ ಚಿಮ್ಮಿದಾಗ ಸಿಗುವುದಕ್ಕಿಂತ ಸ್ವಲ್ಪವೇ ಹೆಚ್ಚು ಎಂದು ಅವರು ಕಂಡುಕೊಂಡರು. ಇಷ್ಟು ದುಡ್ಡು, ಇಷ್ಟು ಪರಿಣತರು ಇದ್ದೂ!

ಬ್ರೇಡಿಗೆ ಜಾಗ ಹೇಗೆ ಸಿಕ್ಕಿತು? ತಂಡದ ಕ್ವಾರ್ಟರ್‌ಬ್ಯಾಕ್ ತರಬೇತುದಾರರಾಗಿದ್ದ ಡಿಕ್ ರೇಬೈನ್ ಎಂಬವರು ಆತನನ್ನು ನೋಡಿ ಬಂದು ಒಳ್ಳೆಯ ಮಾತು ಹೇಳಿದ್ದರು. ತಂಡದಲ್ಲಿ ಆಗಲೇ ಮೂವರು ಕ್ವಾರ್ಟರ್‌ಬ್ಯಾಕ್‌ಗಳಿದ್ದರು. ಸಾಮಾನ್ಯವಾಗಿ ಯಾವ ತಂಡವೂ ಇದಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳುವುದಿಲ್ಲ. ಆದರೂ ಮುಖ್ಯ ಕೋಚ್ ಬಿಲ್ ಬೆಲಿಚಿಕ್ ನಾಲ್ಕನೆಯವನಾಗಿ ಬ್ರೇಡಿಯನ್ನು ಉಳಿಸಿಕೊಂಡರು. ಆ ವರ್ಷವಿಡೀ ಆತ ಎಸೆದದ್ದು ಮೂರೇ ಚೆಂಡು, ಗುರಿ ಮುಟ್ಟಿದ್ದು ಒಂದು. ಹೊರಗಿನಿಂದ ನೋಡಿದವರಿಗೆ ಆ ನಾಲ್ಕನೆಯ ಕುರ್ಚಿ ದಂಡವೆಂದೇ ಕಂಡಿರಬೇಕು.

ಒಂದನೆಯ ಕುರ್ಚಿಯಲ್ಲಿದ್ದವನು ಡ್ರೂ ಬ್ಲೆಡ್ಸೊ; 1993ರ ಡ್ರಾಫ್ಟಿನ ಮೊಟ್ಟಮೊದಲ ಹೆಸರು. 2001ರ ಸೆಪ್ಟೆಂಬರ್ 23ರಂದು ಬಿದ್ದ ಒಂದು ಏಟಿಗೆ ಆತನ ಎದೆಯೊಳಗೆ ರಕ್ತಸ್ರಾವವಾಯಿತು. ಬ್ರೇಡಿ ಒಳಗೆ ಬಂದ. ಮುಂದಿನ ಹದಿನಾಲ್ಕು ಪಂದ್ಯಗಳಲ್ಲಿ ಹನ್ನೊಂದು ಗೆಲುವು. ಸೆಮಿಫೈನಲ್‌ನಂಥ ಪಂದ್ಯದಲ್ಲಿ ಬ್ರೇಡಿಗೆ ಕಾಲು ನೋವಾದಾಗ ಅದೇ ಬ್ಲೆಡ್ಸೊ ಬಂದು ತಂಡವನ್ನು ದಾಟಿಸಿದ ಎಂಬುದನ್ನು ಮರೆಯಬಾರದು. ರೇಬೈನ್ ಇದ್ಯಾವುದನ್ನೂ ನೋಡಲಿಲ್ಲ. ಆ ಆಗಸ್ಟಿನಲ್ಲೇ ಅವರು ತೀರಿಕೊಂಡಿದ್ದರು.

2002ರ ಫೆಬ್ರವರಿ 3ರ ಅಂತಿಮ ಪಂದ್ಯದಲ್ಲಿ ಎದುರಾಳಿ ಸೇಂಟ್ ಲೂಯಿಸ್ ರ‍್ಯಾಮ್ಸ್. ಅವರೇ 14 ಅಂಕಗಳಿಂದ ಗೆಲ್ಲುತ್ತಾರೆಂದು ಲೆಕ್ಕ. ಅವರ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್‌ನನ್ನು ಡ್ರಾಫ್ಟಿನಲ್ಲಿ ಯಾರೂ ಕೂಗಿಯೇ ಇರಲಿಲ್ಲ. ಒಂದು ಕಾಲದಲ್ಲಿ ಅಂಗಡಿಯ ಕಪಾಟುಗಳಿಗೆ ಸಾಮಾನು ಜೋಡಿಸುತ್ತಿದ್ದವನು. ಒಂದೂವರೆ ನಿಮಿಷ ಉಳಿದಾಗ 17-17 ಸಮ. ಅಪಾಯ ಬೇಡ, ಸಮಯ ಕಳೆಯಲಿ ಎಂದು ಟಿವಿಯಲ್ಲಿ ವೀಕ್ಷಕ ವಿವರಣೆ ನೀಡುತ್ತಿದ್ದ ಹಳೆಯ ಕೋಚ್ ಜಾನ್ ಮ್ಯಾಡನ್ ಹೇಳುತ್ತಿದ್ದರು. ಬ್ರೇಡಿ ಚೆಂಡನ್ನು 53 ಗಜ ಮುಂದೆ ಒಯ್ದ. ಕೊನೆಯ ಗಳಿಗೆಯಲ್ಲಿ ಆಡಂ ವಿನಾಟಿಯೆರಿ 48 ಗಜ ದೂರದಿಂದ ಒದ್ದು ಗೆಲ್ಲಿಸಿದ. ಆ ವಿನಾಟಿಯೆರಿಯ ಹೆಸರೂ ಯಾವ ಡ್ರಾಫ್ಟಿನಲ್ಲೂ ಬಂದಿರಲಿಲ್ಲ.

ವಿದ್ಯಾರ್ಥಿಗಳೇ, ಈ ಕಥೆ ಕೇಳಿ ಕಡಿಮೆ ಅಂಕ ಬಂದರೂ ಚಿಂತೆಯಿಲ್ಲ, ನಾವೂ ಬ್ರೇಡಿಯೇ ಎಂದುಕೊಳ್ಳಬೇಡಿ. ಹಾಗೆ ಹುರಿದುಂಬಿಸುವ ಭಾಷಣಕಾರರು ನನಗೆ ಹಿಡಿಸುವುದಿಲ್ಲ. ಆರನೆಯ ಸುತ್ತಿನಲ್ಲಿ ಬಂದವರಲ್ಲಿ ಬಹುಪಾಲು ಜನರ ಹೆಸರು ಇಂದು ಯಾರಿಗೂ ನೆನಪಿಲ್ಲ. ಬ್ರೇಡಿಗಿಂತ ಮೊದಲು ಆಯ್ಕೆಯಾದ ಆರು ಮಂದಿಯಲ್ಲೂ ಪೆನಿಂಗ್ಟನ್ ಮತ್ತು ಬಲ್ಜರ್ ಒಳ್ಳೆಯ ಆಟಗಾರರೆನಿಸಿದರು. ಕಾರ್ಮಾಜಿಗೆ ಋತುವಿನ ಒಂದು ಪಂದ್ಯವೂ ಸಿಗಲಿಲ್ಲ. ಪಟ್ಟಿಯ ಮೇಲಿದ್ದದ್ದು ಆತನಿಗೂ ನೆರವಾಗಲಿಲ್ಲ.

ಈ ಕಥೆ ಹಳೆಯದಾಯಿತು, ಈಗ ಎಲ್ಲರೂ ಜಾಣರಾಗಿದ್ದಾರೆ ಎನ್ನಬಹುದು. ಬ್ರೇಡಿಯನ್ನು ಬಿಟ್ಟ ಅದೇ ಸ್ಯಾನ್ ಫ್ರಾನ್ಸಿಸ್ಕೊ ತಂಡ 2021ರಲ್ಲಿ ಟ್ರೇ ಲಾನ್ಸ್ ಎಂಬ ಹುಡುಗನಿಗಾಗಿ ಮೂರು ಮೊದಲ ಸುತ್ತಿನ ಅವಕಾಶಗಳನ್ನು ಬಿಟ್ಟುಕೊಟ್ಟು 3ನೆಯ ಸ್ಥಾನದಲ್ಲಿ ಆರಿಸಿತು. 2022ರಲ್ಲಿ ಕಟ್ಟಕಡೆಯ, 262ನೆಯ ಹೆಸರಾಗಿ ಬ್ರಾಕ್ ಪರ್ಡಿಯನ್ನು ತೆಗೆದುಕೊಂಡಿತು. ಮುಂದಿದ್ದ ಇಬ್ಬರಿಗೆ ಗಾಯವಾಗಿ ಪರ್ಡಿಗೆ ಅವಕಾಶ ಬಂತು. 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ತಂಡವನ್ನು ಮುನ್ನಡೆಸಿದವನು ಪರ್ಡಿ. ಲಾನ್ಸ್ ಅಷ್ಟರಲ್ಲಿ ಬೇರೆ ತಂಡ ಸೇರಿದ್ದ.

ಕೊನೆಯದಾಗಿ ನಮ್ಮ ವಿದ್ಯಾರ್ಥಿವೇತನ ಸಮಿತಿಯವರಲ್ಲಿ ಒಂದು ಮನವಿ. ನಾವೂ ಪ್ರತಿ ವರ್ಷ ಒಂದು ಪಟ್ಟಿ ಮಾಡುತ್ತೇವೆ. ಕೊಟ್ಟವರ ಹೆಸರು ಈ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಕೊಡದವರ ಅರ್ಜಿ ಕಪಾಟು ಸೇರುತ್ತದೆ. ಇನ್ನು ಮುಂದೆ ಪ್ರತಿ ಅರ್ಜಿಯ ಮೇಲೆ ಕೊಟ್ಟದ್ದಕ್ಕೋ ಬಿಟ್ಟದ್ದಕ್ಕೋ ಕಾರಣವನ್ನು ಎರಡು ಸಾಲು ಬರೆದಿಡಿ. ಐದು ವರ್ಷಗಳ ಬಳಿಕ ಅವರೆಲ್ಲ ಎಲ್ಲಿದ್ದಾರೆ ಎಂದು ವಿಚಾರಿಸೋಣ. ನಿಧಿಯಲ್ಲಿ ಸಾಧ್ಯವಾದರೆ ಅಂಕಪಟ್ಟಿಯ ಪ್ರಕಾರ ಬಾರದ, ಆದರೆ ಯಾರಾದರೂ ಒಬ್ಬ ಅಧ್ಯಾಪಕರು ಮನಸಾರೆ ಶಿಫಾರಸು ಮಾಡಿದ ಒಬ್ಬಿಬ್ಬರಿಗೆ ಜಾಗ ಇಡಿ. ಕಪಾಟಿನಲ್ಲಿರುವ ಹಳೆಯ ಅರ್ಜಿಗಳಿಂದಲೇ ಆರಂಭಿಸುವುದಾದರೆ, ಯಾವ ಭಾನುವಾರ ಎಂದು ಕಾರ್ಯದರ್ಶಿಯವರು ತಿಳಿಸಲಿ, ನಾನೂ ಬಂದು ಕೂರುತ್ತೇನೆ.