ತೆರೆದ ಮುಚ್ಚಳಕ್ಕೆ ಕಾವಲು ಯಾರು?

(ಮಳೆಗಾಲಕ್ಕೆ ಮುಂಚೆ ಸಂಘದ ಸ್ವಯಂಸೇವಕರ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ಮಳೆಗಾಲ ಬಾಗಿಲಿಗೆ ಬಂದು ನಿಂತಿದೆ. ನೀರು ತುಂಬಿದ ದಿನ ನೆರೆಹೊರೆಯವರ ನೆರವಿಗೆ ಇಳಿಯುತ್ತೇವೆಂದು ತಾವೆಲ್ಲ ಹೆಸರು ಕೊಟ್ಟಿದ್ದೀರಿ. ಸಂತೋಷ. ಅಮೆರಿಕದ ಶಿಕಾಗೋ ನಗರದಲ್ಲಿ ಚಳಿಗಾಲಕ್ಕೆ ಹೀಗೆಯೇ ಸ್ವಯಂಸೇವಕರು ಹೆಸರು ಕೊಡುತ್ತಾರಂತೆ. ಹಿಮ ಬಿದ್ದಾಗ ಮುದುಕರ, ಅಂಗವಿಕಲರ ಮನೆಯ ಮುಂದಿನ ದಾರಿಯನ್ನು ಅವರು ಸಲಿಕೆ ಹಿಡಿದು ತೆರವು ಮಾಡಿಕೊಡುತ್ತಾರೆ. ಅಲ್ಲಿ ಹಿಮ, ಇಲ್ಲಿ ಮಳೆ, ಕೆಲಸ ಒಂದೇ. ಆದರೆ ಹಿಮ ಕಣ್ಣಿಗೆ ಕಾಣುತ್ತದೆ. ನಮ್ಮ ಕೊಳಕು ನೀರಿನ ಕೆಳಗೆ ಏನಿದೆಯೆಂಬುದು ಕಾಣುವುದಿಲ್ಲ. ಆದ್ದರಿಂದ ಉತ್ಸಾಹದ ಜೊತೆಗೆ ಸ್ವಲ್ಪ ತಿಳಿವಳಿಕೆಯೂ ಬೇಕು.

2005ರ ಜುಲೈ 26ನ್ನು ನಮ್ಮ ಪೈಕಿ ಹಿರಿಯರು ಮರೆತಿಲ್ಲ. ಅಂದು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಕುಲಾಬಾದಲ್ಲಿ ಬಿದ್ದದ್ದು ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಕೋಟೆ ಭಾಗದಲ್ಲಿ ಕೆಲಸ ಮಾಡುತ್ತಿದ್ದವರಿಗೆ ಉಪನಗರದ ಗತಿಯೇ ತಿಳಿಯಲಿಲ್ಲ. ಸಮುದ್ರಕ್ಕೆ ಉಬ್ಬರವಿದ್ದ ಹೊತ್ತಿನಲ್ಲೇ ಮಳೆ ಹೊಡೆದದ್ದರಿಂದ ನೀರಿಗೆ ಇಳಿಯಲು ದಾರಿಯಿಲ್ಲದೆ ಮೀಠಿ ನದಿ ಉಕ್ಕಿತು. ನೂರಾರು ಜನ ಸತ್ತರು. ಮುಚ್ಚಿದ ಕಾರುಗಳ ಒಳಗೇ ಉಸಿರುಗಟ್ಟಿ ಸತ್ತವರೂ ಇದ್ದರು.

ನಾನು ಆಗ ಉಪನಗರದ ಒಂದು ಹೊಟೇಲಿನ ಗಲ್ಲೆಯಲ್ಲಿ ಕೂರುತ್ತಿದ್ದೆ. ಮಧ್ಯಾಹ್ನ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ, ಬೇಗ ಇಳಿಯಲೆಂದು ನಾವು ನಾಲ್ಕು ಮಂದಿ ಸೇರಿ ಎದುರಿನ ಮ್ಯಾನ್‌ಹೋಲಿನ ಮುಚ್ಚಳವನ್ನು ಎತ್ತಿಬಿಟ್ಟೆವು. ಒಳ್ಳೆಯ ಕೆಲಸ ಮಾಡಿದೆವೆಂದೇ ತಿಳಿದೆವು. ಆಮೇಲೆ ನೀರು ಸೊಂಟಕ್ಕೆ ಬಂತು. ನಮ್ಮ ಹುಡುಗರು ಹಗ್ಗ ಹಿಡಿದು, ಬಸ್ಸಿನಲ್ಲಿ ಸಿಕ್ಕಿಬಿದ್ದವರನ್ನು ಒಬ್ಬೊಬ್ಬರನ್ನಾಗಿ ಒಳಗೆ ತಂದರು. ಇದ್ದ ಅನ್ನ, ಇದ್ದ ಚಹಾ ಎಲ್ಲರಿಗೂ ಹಂಚಿದೆವು. ಮುಚ್ಚಳದ ನೆನಪು ಯಾರಿಗೂ ಉಳಿಯಲಿಲ್ಲ.

ಕತ್ತಲಾದ ಮೇಲೆ, ತಟ್ಟೆ ತೊಳೆಯುತ್ತಿದ್ದ ನಮ್ಮ ಹುಡುಗನೊಬ್ಬ ಆ ಕಡೆಗೆ ಕಾಲಿಟ್ಟವನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾದ. ಸೊಂಟಕ್ಕೆ ಹಗ್ಗ ಕಟ್ಟಿದ್ದರಿಂದ ಬದುಕಿದ. ಎಳೆದು ತೆಗೆದಾಗ ಅವನ ಮೈ ನಡುಗುತ್ತಿತ್ತು, ನನ್ನದೂ ನಡುಗುತ್ತಿತ್ತು. ಆ ಹೊಂಡವನ್ನು ತೆರೆದವರು ಮಹಾನಗರಪಾಲಿಕೆಯವರಲ್ಲ, ಪುಂಡರಲ್ಲ, ನಾವೇ. ಇಷ್ಟು ವರ್ಷ ಇದನ್ನು ಯಾವ ಸಭೆಯಲ್ಲೂ ಹೇಳಿರಲಿಲ್ಲ. ಇಂದು ತಾವು ಹೊರಟು ನಿಂತಿರುವುದರಿಂದ ಹೇಳುತ್ತಿದ್ದೇನೆ.

2017ರ ಆಗಸ್ಟ್ 29ರಂದು ಹೆಸರಾಂತ ವೈದ್ಯ ಡಾ. ದೀಪಕ್ ಅಮರಾಪುರ್ಕರ್ ಅವರು ಮಳೆಯಲ್ಲಿ ಕಾರಿನಿಂದಿಳಿದು ಮನೆಯ ಕಡೆ ನಡೆಯುತ್ತಿದ್ದಾಗ ಎಲ್ಫಿನ್‌ಸ್ಟನ್ ರಸ್ತೆಯ ಬಳಿ ತೆರೆದ ಮ್ಯಾನ್‌ಹೋಲಿಗೆ ಬಿದ್ದರು. ಎರಡು ದಿನಗಳ ನಂತರ ವರಳಿಯಲ್ಲಿ ಅವರ ದೇಹ ಸಿಕ್ಕಿತು. ಸುದ್ದಿ ಓದಿದಾಗ ನನಗೆ ನಮ್ಮ ಹುಡುಗನ ಮುಖವೇ ಕಣ್ಣ ಮುಂದೆ ಬಂತು.

ಇನ್ನೊಂದು ಸಂಗತಿಯನ್ನೂ ಕೇಳಿ. 2020ರ ಆಗಸ್ಟಿನಲ್ಲಿ ಮಾಟುಂಗಾದ ತುಳಸಿ ಪೈಪ್ ರಸ್ತೆಯಲ್ಲಿ ನೀರು ನಿಂತಾಗ ಹೂ ಮಾರುವ ಬಡ ಹೆಣ್ಣುಮಗಳೊಬ್ಬಳು ಮ್ಯಾನ್‌ಹೋಲಿನ ಮುಚ್ಚಳ ತೆಗೆದಳು. ಆದರೆ ತೆಗೆದು ಮನೆಗೆ ಹೋಗಲಿಲ್ಲ. ಬರುವ ಹೋಗುವ ವಾಹನಗಳಿಗೆ ಕೈಸನ್ನೆ ಮಾಡುತ್ತ, ಸುರಿಯುವ ಮಳೆಯಲ್ಲಿ ಸುಮಾರು ಏಳು ಗಂಟೆ ಕಾಲ ಅಲ್ಲಿಯೇ ನಿಂತಳು. ನಾವು ನಾಲ್ಕು ಜನ ಗಂಡಸರಿಗೆ ತೋಚದ್ದು ಆಕೆಗೆ ತೋಚಿತು. ಸೇವೆಯೆಂದರೆ ಮುಚ್ಚಳ ಎತ್ತುವ ಶಕ್ತಿಯಲ್ಲ, ಪಕ್ಕದಲ್ಲಿ ನಿಲ್ಲುವ ತಾಳ್ಮೆ.

ಇಷ್ಟಾಗಿ, ತಾವು ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಅದು ಪಾಲಿಕೆಯ ಕೆಲಸ. 1916 ನಂಬರಿಗೆ ಫೋನ್ ಮಾಡಿ, ಜಾಗ ತಿಳಿಸಿ. ತೆರೆದದ್ದು ಕಂಡರೆ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿ, ಪಾಲಿಕೆಯವರು ಬರುವ ತನಕ ಇಬ್ಬರು ಸರದಿಯ ಮೇಲೆ ನಿಲ್ಲಿ. ಗಟಾರದೊಳಗೆ ಯಾರೂ ಇಳಿಯಕೂಡದು. ಬಿದ್ದವನನ್ನು ಎತ್ತಲೂ ಹಗ್ಗವಿಲ್ಲದೆ ಇಳಿಯಕೂಡದು. ಕೊಳೆತ ಮೊಟ್ಟೆಯ ವಾಸನೆಯ ವಿಷಗಾಳಿ ಅಲ್ಲಿರುತ್ತದೆ. ಅದು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತೆಂದರೆ ಅಪಾಯ ಹೋಯಿತೆಂದಲ್ಲ. ರಕ್ಷಣೆಯ ಸಾಧನವಿಲ್ಲದೆ ಬಡವನನ್ನು ಗಟಾರಕ್ಕಿಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಹಣ ಕೊಟ್ಟು ಬೇರೊಬ್ಬನನ್ನು ಇಳಿಸುವ ಯೋಚನೆಯೂ ಬೇಡ.

ಒಬ್ಬೊಬ್ಬರೇ ಹೋಗಬೇಡಿ. ಸಾಲಾಗಿ ಹೋಗಿ, ಮುಂದಿನವನು ಉದ್ದ ಕೋಲಿನಿಂದ ನೆಲ ತಡವುತ್ತ ನಡೆಯಲಿ. ಅರ್ಧ ಅಡಿಯ ನೀರೂ ರಭಸವಾಗಿ ಹರಿಯುವಾಗ ಗಟ್ಟಿ ಆಳನ್ನು ಕೆಡವಬಲ್ಲದು. ಬೀದಿ ದೀಪದ ಕಂಬ, ತಗಡಿನ ಗೋಡೆ, ಮೀಟರಿನ ಪೆಟ್ಟಿಗೆ ಇವನ್ನು ಮುಟ್ಟಬೇಡಿ. ಚಾಳಿನ ನೆಲಮಾಳಿಗೆಗೆ ನೀರು ನುಗ್ಗುವ ಮುಂಚೆಯೇ, ಒಣ ಕೈಯಿಂದ ಮೇನ್ ಸ್ವಿಚ್ ತೆಗೆಸಿರಿ. ವಿದ್ಯುತ್ ತಗುಲಿ ಬಿದ್ದವನನ್ನು ಕರೆಂಟು ನಿಲ್ಲಿಸದೆ ಮುಟ್ಟಿದರೆ ಇಬ್ಬರ ಹೆಣ ಎತ್ತಬೇಕಾದೀತು.

ನೀರು ಇಳಿದ ಮೇಲೂ ಅಪಾಯ ಮುಗಿಯುವುದಿಲ್ಲ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ. 2005ರ ಪ್ರವಾಹದ ನಂತರ ಈ ನಗರದಲ್ಲಿ ಅದು ಹಬ್ಬಿತ್ತು. ಕಾಲಿನಲ್ಲಿ ಗಾಯವಿದ್ದವರು ನೀರಿಗಿಳಿಯಬೇಡಿ. ಇಳಿದವರು ಗಮ್‌ಬೂಟು ಹಾಕಿರಿ, ಸಾಬೂನಿನಿಂದ ತೊಳೆಯಿರಿ, ಮೂರು ದಿನದೊಳಗೆ ಪಾಲಿಕೆಯ ದವಾಖಾನೆಗೆ ಹೋಗಿ ತಡೆಯುವ ಮಾತ್ರೆ ಕೇಳಿರಿ. ನಮ್ಮ ಹುಡುಗನಿಗೆ ಹತ್ತು ದಿನಗಳ ಮೇಲೆ ಜ್ವರ ಬಂತು. ರಜೆ ಕೇಳಿದರೆ ಪಗಾರ ಹೋಗುವುದೆಂದು ಬಾಯಿ ಬಿಡಲಿಲ್ಲ. ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಒಯ್ದೆವು. ದೇವರ ದಯೆ, ಉಳಿದ. ಸೇವೆಗೆ ಇಳಿದ ಕಾರ್ಮಿಕನಿಗೆ ಜ್ವರ ಬಂದರೆ ಅವನ ಪಗಾರದ ಚಿಂತೆಯನ್ನು ಸಂಘ ಹೊರಬೇಕೆಂದು ಅಧ್ಯಕ್ಷರಲ್ಲಿ ನನ್ನ ವಿನಂತಿ.

ಕೊನೆಗೊಂದು ಕಹಿ ಮಾತು. ಹಾಜಿ ಅಲಿ, ಈರ್ಲಾ, ಲವ್‌ಗ್ರೋವ್ ಮೊದಲಾದೆಡೆ ನೀರನ್ನು ಸಮುದ್ರಕ್ಕೆ ತಳ್ಳುವ ದೊಡ್ಡ ಪಂಪುಗಳಿವೆ. ಆದರೆ ಬೀದಿಯ ಮೋರಿಯೇ ಕಟ್ಟಿದರೆ ನೀರು ಪಂಪಿನ ತನಕ ತಲುಪುವುದು ಹೇಗೆ? ನಮ್ಮಲ್ಲಿ ಬಹಳ ಮಂದಿ ಹೊಟೇಲಿನವರು. ರಾತ್ರಿ ಕದ ಹಾಕುವಾಗ ಕರಿದ ಎಣ್ಣೆ, ಎಂಜಲು, ಪಾರ್ಸೆಲ್ ಚೀಲ ಎಲ್ಲಿಗೆ ಹೋಗುತ್ತವೆ ಎಂಬುದನ್ನು ನಮ್ಮ ಮನಸ್ಸಾಕ್ಷಿಯೇ ಬಲ್ಲದು. ಜೂನಿನಲ್ಲಿ ಗಟಾರ ಕಟ್ಟಿ ಜುಲೈಯಲ್ಲಿ ಹಗ್ಗ ಹಿಡಿದು ಹೊರಡುವುದು ಸೇವೆಯಲ್ಲ, ಪ್ರಾಯಶ್ಚಿತ್ತ. ಮೊದಲ ಕೆಲಸ ನಾಳೆಯೇ, ನಮ್ಮ ನಮ್ಮ ಅಡುಗೆಮನೆಯ ಹಿಂಬಾಗಿಲಿನಿಂದ ಆರಂಭವಾಗಲಿ.

ತಾವೆಲ್ಲರೂ ಹೋದಷ್ಟೇ ಮಂದಿ ಮರಳಿ ಬನ್ನಿರಿ.